ನೇಕಾರನ ನಿಧಾನದ ಓಟ

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿನಲ್ಲಿ ನಾನು ಕಾಲೆಳೆದು ಕೆರಳಿಸದ ಮನುಷ್ಯನಿಲ್ಲ. ತಪ್ಪಿಸಿಕೊಂಡವನು ಒಬ್ಬನೇ, ನಮ್ಮ ಬೀದಿಯ ರೇಷ್ಮೆ ನೇಕಾರ. ಮಗ್ಗದಿಂದ ಎದ್ದರೆ ಅವನಿಗೆ ಓಟ. ಏನು ಕೇಳಿದರೂ ಒಂದೇ ಉತ್ತರ: "ಜಗ್ಗುದ್ರೆ ಎಳೆ ಕಿತ್ತೋಯ್ತದೆ ಕಣಣ್ಣ."

ಒಂದು ವರ್ಷ, ದೊಡ್ಡ ಮ್ಯಾರಥಾನ್ ಓಟಕ್ಕೆ ಒಂದು ವಾರವಿರುವಾಗ, ಪಕ್ಕದ ಅಗರ ಊರಿನ ಸಣ್ಣ ಓಟದಲ್ಲಿ ಜೋರಾಗಿ ಓಡಿ ಗೆದ್ದು ಬಂದ. ಮ್ಯಾರಥಾನಿನಲ್ಲಿ ಅರ್ಧದಾರಿಗೇ ಕಾಲು ಹಿಡಿದು ಕೂತ. ಮರುವರ್ಷ ಅದೇ ಸಣ್ಣ ಓಟವನ್ನು ನಿಧಾನವಾಗಿ ಓಡಿ ಕಾಲು ಉಳಿಸಿಕೊಳ್ಳುತ್ತೇನೆಂದು ಹಟ ಹಿಡಿದ. ಆ ಹಟ ಕೆಡಿಸದೆ ಬಿಡುತ್ತೇನೆಯೇ? ಮೊಪೆಡ್ ಹತ್ತಿ ಪಕ್ಕದಲ್ಲೇ ಹೊರಟೆ.

"ಲೇ, ನಿಮ್ಮಾವ ಊರುಗೋಲು ಇಡ್ಕಂಡು ಮುಂದಕ್ಕೋದ ಕಣ್ಲಾ!"

ಅವನು ತಿರುಗಲಿಲ್ಲ. ಮಗ್ಗದಲ್ಲಿ ಕೂತು ಲಾಳಿಯ ಹಗ್ಗ ಎಳೆಯುವಂತೆ ಬಲಗೈ ಆಡಿಸುತ್ತಾ, ಅದೇ ತಾಳಕ್ಕೆ ಹೆಜ್ಜೆ ಹಾಕುತ್ತಾ ಓಡಿದ. ಕೊನೆಯವರ ಜೊತೆ ಗುರಿ ಮುಟ್ಟಿ, ನನ್ನ ಬೆನ್ನು ತಟ್ಟಿದ.

"ಮುಂದಿನ್ ವಾರ ಮ್ಯಾರಥಾನ್‌ಗೂ ಬಾಣ್ಣ. ನೀನು ಬಾಯ್ ಬುಟ್ಟಾಗೆಲ್ಲ ನಂಗೆ ನಿಧಾನ ಓಗ್ಬೇಕು ಅಂತ ಗ್ಯಾನ ಬತ್ತದೆ."

ಹೋದೆ. ದಾರಿಯುದ್ದಕ್ಕೂ ಗಂಟಲು ಕಟ್ಟುವಷ್ಟು ಛೇಡಿಸಿದೆ. ಅವನು ಮ್ಯಾರಥಾನ್ ಮುಗಿಸಿದ. ಮುಗಿಸಿದ್ದು ಅವನ ಕಾಲು ಎಂದು ಬೀದಿಯವರು ಹೇಳುತ್ತಾರೆ. ನನ್ನ ಬಾಯಿ ಎಂದು ನಾನು ಹೇಳುತ್ತೇನೆ. ಅವನಂತೂ ಒಮ್ಮೆಯೂ ಇಲ್ಲವೆನ್ನಲಿಲ್ಲ.