ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಿದವರು

ಮೇಷ್ಟ್ರು ನಕ್ಕರೆ ಅವರ ಎಡಗಣ್ಣು ಪೂರಾ ಮುಚ್ಚಿಹೋಗುತ್ತಿತ್ತು. ಚಿಕ್ಕಂದಿನಲ್ಲಿ ದೇವಲಾಪುರದ ಮನೆಯ ಕೊಟ್ಟಿಗೆಯಲ್ಲಿ ಹೋರಿ ತಿವಿದು ಹುಬ್ಬಿನ ಮೇಲೆ ಉಳಿದಿದ್ದ ಗಾಯದ ಗುರುತು ಆಗ ಗಂಟಿನಂತೆ ಎದ್ದು ಕಾಣುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಎಷ್ಟೋ ವರ್ಷ ಪಾಠ ಹೇಳಿದರೂ ಅವರು ಊರಿನ ಮಾತು ಬಿಡಲಿಲ್ಲ. ತರಗತಿಯಲ್ಲೂ ಅದೇ, ಕುಲಪತಿಗಳ ಎದುರೂ ಅದೇ.

ನನ್ನ ಪಿಎಚ್.ಡಿ.ಗೆ ಅವರು ಮಾರ್ಗದರ್ಶಕರು. ನಾನು ಶ್ರೀರಂಗಪಟ್ಟಣದವಳು, ಅಪ್ಪ ದೇವಸ್ಥಾನದ ಪರಿಚಾರಕರು. ಹೊಲಗದ್ದೆಗಳನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದ ನಾನು ಸಂಶೋಧನೆಗೆ ಆರಿಸಿಕೊಂಡದ್ದು ಹೊಲಗಳ ಹೆಸರುಗಳನ್ನು. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಅಂಗೈಯಗಲದ ತುಂಡು ನೆಲಕ್ಕೂ ಒಂದು ಹೆಸರಿದೆ. ವಿಷಯ ಕೇಳಿದ ಮೇಷ್ಟ್ರು, "ಮಾಡು. ಆದ್ರೆ ಬಿಸ್ಲು ತಡ್ಕಬೇಕು ಕಣವ್ವ," ಎಂದರು.

ಬರೆದದ್ದನ್ನು ಅವರ ಕೈಗೆ ಕೊಟ್ಟರೆ ಆಗುತ್ತಿರಲಿಲ್ಲ. ನಾವು ಗಟ್ಟಿಯಾಗಿ ಓದಬೇಕು, ಅವರು ಕಡಲೆಕಾಯಿ ಸುಲಿಯುತ್ತ ಕೇಳುವರು. ಸುಲಿಯುವ ಕೈ ನಿಂತಿತೆಂದರೆ ಎಲ್ಲೋ ಎಡವಿದ್ದೇವೆ ಎಂದು ಅರ್ಥ. "ಇದು ನಿನ್ ಮಾತಾ, ಇಲ್ಲ ಯಾರ್ದೋ ಮಾತಾ?" ಎಂಬ ಪ್ರಶ್ನೆ ಬರುತ್ತಿತ್ತು. ಅದು ಯಾರದೋ ಮಾತೇ ಆಗಿರುತ್ತಿತ್ತು.

ಎರಡನೇ ವರ್ಷದ ಪ್ರಗತಿ ಪರಿಶೀಲನೆಯಲ್ಲಿ ನಾನು ಫೇಲಾದೆ. ಕಷ್ಟಪಟ್ಟು ಕೂಡಿಸಿದ ಹೆಸರುಗಳನ್ನೆಲ್ಲ ಮುಂದಿಟ್ಟಾಗ, ಹೊರಗಿನಿಂದ ಬಂದಿದ್ದ ಸದಸ್ಯರು, "ಇದು ಪಟ್ಟಿ ಅಷ್ಟೇ. ಸಂಶೋಧನೆ ಎಲ್ಲಿ?" ಎಂದು ಕೇಳಿದರು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಸಮಿತಿಯವರು ‘ತೃಪ್ತಿಕರವಲ್ಲ’ ಎಂದು ಬರೆದರು. ಆರು ತಿಂಗಳಲ್ಲಿ ಮತ್ತೆ ಬರಬೇಕು. ಆಗಲೂ ಹೀಗೇ ಆದರೆ ನೋಂದಣಿಯೇ ರದ್ದು.

ಎಲ್ಲರೂ ಹೋದ ಮೇಲೆ, "ನೀವು ಒಂದು ಮಾತೂ ಆಡಲಿಲ್ಲವಲ್ಲ ಸಾರ್," ಎಂದೆ.

"ನಾ ಮಾತಾಡಿದ್ರೆ ಇವತ್ತು ಪಾಸಾಗ್ಬುಡ್ತಿದ್ದೆ. ಆಮೇಲೆ?"

ಮೇಷ್ಟ್ರು ಆ ಸದಸ್ಯರು ಕೂತಿದ್ದ ಕುರ್ಚಿಯನ್ನು ಎಳೆದು ನನ್ನನ್ನು ಕೂರಿಸಿದರು. ತಾವು ನಾನು ನಿಂತಿದ್ದ ಜಾಗದಲ್ಲಿ ನಿಂತು, ನನ್ನ ಭಾಷಣವನ್ನು ನನ್ನದೇ ಧಾಟಿಯಲ್ಲಿ ಒಪ್ಪಿಸಿದರು. ಮುಗಿಸಿ, "ಈಗ ನೀ ಕೇಳವ್ವ. ಎಲ್ ಒಡೀತದೆ ನೋಡು," ಎಂದರು.

ಸಿಟ್ಟೇ ನೆರವಿಗೆ ಬಂತು. ಏನೇನೋ ಕೇಳಿದೆ, ಅವರು ಲೀಲಾಜಾಲವಾಗಿ ಉತ್ತರಿಸಿದರು. ಕೊನೆಗೆ, "ಈ ಹೆಸರುಗಳನ್ನು ನಿಮಗೆ ಹೇಳಿದವರು ಯಾರು?" ಎಂದೆ.

"ಆಯಾ ಊರಿನ ಯಜಮಾನ್ರು."

"ಎಲ್ಲರೂ ಗಂಡಸರೇ?"

ನನ್ನ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಮಾತೂ ಇಲ್ಲವೆಂದು ಕೇಳಿದ ಮೇಲೆಯೇ ನನಗೂ ಹೊಳೆಯಿತು. ಮೇಷ್ಟ್ರ ಎಡಗಣ್ಣು ಮುಚ್ಚಿತು.

ಮರುವಾರವೇ ಕೆ.ಆರ್. ಪೇಟೆ ಕಡೆಯ ಶೀಳನೆರೆಗೆ ಮತ್ತೆ ಹೋದೆ. ಯಜಮಾನರು ‘ಮೂಡ್ಲೊಲ’ ಎಂದು ಹೇಳಿದ್ದ ಹೊಲದಲ್ಲಿ ಹೆಂಗಸರು ರಾಗಿಯ ಕಳೆ ಕೀಳುತ್ತಿದ್ದರು. ಈ ಹೊಲವನ್ನು ನೀವು ಏನೆಂದು ಕರೆಯುತ್ತೀರಿ ಎಂದು ಕೇಳಿದೆ.

"ಎತ್ತೊಲ," ಎಂದರು ಒಬ್ಬಾಕೆ.

"ಎತ್ತು ಕಟ್ಟುತ್ತಿದ್ದ ಹೊಲವೇ?"

ಸಾಲಿಗೆ ಸಾಲೇ ನಕ್ಕಿತು. "ಎತ್ತಲ್ಲ ಕಣವ್ವ, ಎತ್ತಿದ್ದು. ನಮ್ಮತ್ತೆ ಕಳೆ ಕೀಳ್ತಾ ಕೀಳ್ತಾ ಇಲ್ಲೇ ನಮ್ಮನೆಯವ್ರನ್ನ ಎತ್ಬುಟ್ರಂತೆ. ಗಂಡಸ್ರಿಗೆ ಅದೆಲ್ಲ ಏನ್ ಗೊತ್ತಾಯ್ತದೆ ಬುಡು."

ಹೆತ್ತ ಹೊಲ, ಅವರ ಬಾಯಲ್ಲಿ ಎತ್ತೊಲ. ಗಂಡಸರಿಗೆ ದಿಕ್ಕು, ಮರ, ಕಲ್ಲುಗಳಿಂದ ಬಂದ ಹೆಸರು. ಹೆಂಗಸರಿಗೆ ಹೆರಿಗೆ, ಜಗಳ, ಹಂಚಿಕೊಂಡ ಬುತ್ತಿಗಳಿಂದ ಬಂದ ಹೆಸರು. ಒಂದೇ ನೆಲಕ್ಕೆ ಎರಡು ನೆನಪು. ಆರು ತಿಂಗಳಾದ ಮೇಲೆ ಅದೇ ಸಮಿತಿಯ ಮುಂದೆ ನಿಂತಾಗ ನಾನು ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಪಾಸಾದೆ. ಮುಂದೆ ಮೌಖಿಕ ಪರೀಕ್ಷೆಯಲ್ಲಿ, "ಎರಡರಲ್ಲಿ ನಿಜವಾದ ಹೆಸರು ಯಾವುದು?" ಎಂದು ಪರೀಕ್ಷಕರು ಕೇಳಿದರು. "ಅದನ್ನು ತೀರ್ಮಾನಿಸುವವಳು ನಾನಲ್ಲ ಸಾರ್. ಎರಡು ಯಾಕಿವೆ ಎನ್ನುವುದನ್ನು ಹೇಳಬಲ್ಲೆ," ಎಂದು ಹೇಳಿದೆ, ವಿವರಿಸಿದೆ. ಹಿಂದಿನ ಸಾಲಿನಲ್ಲಿ ಕೇಳಲು ಬಂದು ಕೂತಿದ್ದ ಅಪ್ಪ ಶಲ್ಯ ಸರಿಮಾಡಿಕೊಂಡರು.

ನಿವೃತ್ತರಾದ ಮೇಷ್ಟ್ರು ದೇವಲಾಪುರಕ್ಕೆ ಮರಳಿದರು. ಕಿಡ್ನಿ ಕೈಕೊಟ್ಟಿತ್ತು. ಪ್ರಬಂಧವನ್ನು ಪುಸ್ತಕವಾಗಿ ತಿದ್ದುತ್ತಿದ್ದ ನಾನು ಹೋಗಿ ಮಂಚದ ಪಕ್ಕ ಕೂತು ಓದಿದೆ. ಮೂರನೇ ಅಧ್ಯಾಯದಲ್ಲಿ ತಡೆದು, "ಇಲ್ಲಿನ್ನೂ ಸಡ್ಲ ಐತೆ," ಎಂದರು.

"ಎಲ್ಲಿ ಸಾರ್?"

"ಅದ್ನೂ ನಾನೇ ಏಳ್ಬೇಕಾ? ನಿಂಗೇ ಗೊತ್ತಾಯ್ತದೆ, ಓಗು."

ಅದೇ ಕೊನೆಯ ಭೇಟಿ. ಅವರನ್ನು ಮಣ್ಣು ಮಾಡಿ ಬಂದು ಎಷ್ಟೋ ದಿನ ಆ ಹಾಳೆಗಳನ್ನು ಮುಟ್ಟಲಾಗಲಿಲ್ಲ. ಒಂದು ಬೆಳಗ್ಗೆ ಬಾಗಿಲು ಹಾಕಿಕೊಂಡು, ಬೇರೆ ಯಾರೋ ಬರೆದದ್ದು ಎಂಬಂತೆ ಗಟ್ಟಿಯಾಗಿ ಓದಿದೆ. ಒಂದು ಕಡೆ ನಾಲಿಗೆ ತಾನಾಗಿ ನಿಂತಿತು; ಅಲ್ಲಿದ್ದದ್ದು ಯಾರದೋ ಮಾತು. ಆ ಪುಟವನ್ನು ಕಿತ್ತು ಹೊಸದಾಗಿ ಬರೆದು ಅಚ್ಚಿಗೆ ಕಳಿಸಿದೆ. ಸರಿಯಾಗಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಸರಿಯಾಗಿತ್ತು.