ಸೊಪ್ಪು ಕಟ್ಟುವ ಕೈ

ಭಾಗ್ಯ ಮೂಗಿನಿಂದ ಫೋನ್ ಒತ್ತುವುದನ್ನು ಮೊದಲ ಸಲ ನೋಡಿದವರು ನಗುತ್ತಾರೆ. ನಗಬಾರದು. ಗಾವಡಗೆರೆ ಸುತ್ತಿನ ಊರುಗಳಲ್ಲಿ ಜುಲೈಯಿಂದ ಅಕ್ಟೋಬರ್‌ವರೆಗೆ ಹೊಗೆಸೊಪ್ಪು ಕಟ್ಟುವ ಹೆಂಗಸರ ಕೈ ನೋಡಿದ್ದರೆ ಯಾರಿಗೂ ನಗು ಬರುವುದಿಲ್ಲ. ಹಸಿ ಎಲೆಯ ಅಂಟು ಬೆರಳಿಗೆ ಮೆತ್ತಿ, ಒಣಗಿ, ಅದರ ಮೇಲೆ ಮತ್ತೆ ಮೆತ್ತಿ, ಮಧ್ಯಾಹ್ನದ ಹೊತ್ತಿಗೆ ಅಂಗೈಗೆ ಟಾರು ಬಳಿದ ಹಾಗಾಗಿರುತ್ತದೆ. ಆ ಬೆರಳಿನ ಮಾತನ್ನು ಫೋನು ಕೇಳುವುದಿಲ್ಲ. ಹಾಗಾಗಿ ಭಾಗ್ಯ ಫೋನನ್ನು ಸೊಪ್ಪಿನ ರಾಶಿಯ ಪಕ್ಕ ಒಂದು ಇಟ್ಟಿಗೆಗೆ ಒರಗಿಸಿ, ಬಗ್ಗಿ, ಮೂಗಿನ ತುದಿಯಿಂದ ಒತ್ತುತ್ತಾಳೆ. ಒತ್ತಿದರೆ ಯಾರದೋ ದನಿ ಬರುತ್ತದೆ: "ಫ್ರೆಂಡ್ಸ್, ನನ್ನ ಮಲ್ಲಿಗೆ ಗಿಡದಲ್ಲಿ ಮೊಗ್ಗೆಲ್ಲ ಉದುರ್ತಾ ಇದೆ, ಏನು ಮಾಡ್ಲಿ?"

"ಏನವ್ವಾ, ಫೋನ್ ಮೂಸ್ತಾ ಕುಂತಿದ್ದೀಯಾ? ಕೈ ಆಡ್ಲಿ" ಎನ್ನುತ್ತಾರೆ ಎದುರು ಕೂತು ಎಲೆ ಎತ್ತಿಕೊಡುವ ಅತ್ತೆ ಸುನಂದಮ್ಮ.

ಕೈ ಆಡುತ್ತಲೇ ಇರುತ್ತದೆ. ಎರಡು ಮೂರು ಎಲೆ ಸೇರಿಸಿ ದಾರದಲ್ಲಿ ಬಿಗಿದು ಕಡ್ಡಿಗೆ ಕಟ್ಟುವುದು, ಕಡ್ಡಿ ತುಂಬಿದರೆ ಪಕ್ಕಕ್ಕಿಟ್ಟು ಇನ್ನೊಂದು ಎಳೆದುಕೊಳ್ಳುವುದು. ಕಟ್ಟಿದ ಕಡ್ಡಿಗಳೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ ಒಳಗೆ ಸಾಲಾಗಿ ನೇತಾಡಬೇಕು. ಹತ್ತೊಂಬತ್ತು ವರ್ಷದಿಂದ ಭಾಗ್ಯ ಇದನ್ನೇ ಮಾಡಿಕೊಂಡು ಬಂದಿದ್ದಾಳೆ. ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವುಂಟು ಎಂಬುದು ಅವಳಿಗೆ ಹೊಳೆದದ್ದು ಮಾತ್ರ ಎರಡು ವರ್ಷದ ಹಿಂದೆ.

ಅವಳು ಅಂತರಸಂತೆಯ ಹುಡುಗಿ. ತವರಿನ ಹಿತ್ತಿಲ ಆಚೆ ಕಾಡು. ಆನೆ ಬಂದು ಬಾಳೆ ತಿಂದು ಹೋದರೂ ಅವಳವ್ವನ ಗುಂಡು ಮೆಣಸಿನಕಾಯಿ ಗಿಡಕ್ಕೆ ಸೊಂಡಿಲು ಹಾಕುತ್ತಿರಲಿಲ್ಲ, ಅಷ್ಟು ಖಾರ. ಗಂಡನ ಮನೆಯಲ್ಲಿ ಐದು ಎಕರೆ ಜಮೀನು. ಒಂದರಲ್ಲಿ ರಾಗಿ, ನಾಲ್ಕರಲ್ಲಿ ಹೊಗೆಸೊಪ್ಪು. ಸೊಪ್ಪಿನ ಸಾಲು ಮನೆಯ ಜಗಲಿ ಮುಟ್ಟುವವರೆಗೂ ಬಂದು ನಿಂತಿದೆ. ಬಂದ ಹೊಸದರಲ್ಲಿ ಅವಳು ಬಚ್ಚಲ ಹತ್ತಿರ ಒಂದು ಚೆಂಡುಹೂವಿನ ಗಿಡ ನೆಟ್ಟಿದ್ದಳು. ಗಂಡ ಮಹೇಶ್‌ಕುಮಾರ್ ಸೌದೆ ಇಳಿಸುವಾಗ ಅದರ ಮೇಲೆಯೇ ಇಳಿಸಿದ. ಬೇಕೆಂದು ಇಳಿಸಲಿಲ್ಲ, ಅಲ್ಲೊಂದು ಗಿಡವಿದೆ ಅಂತಲೇ ಅವನಿಗೆ ಕಾಣಲಿಲ್ಲ. ಬೇಕೆಂದೇ ಇಳಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಹುಣಸೂರಿನಲ್ಲಿ ಪಿಯುಸಿ ಓದುವ ಮಗಳು ಶೃತಿ ಅವಳನ್ನು ವಾಟ್ಸಾಪಿನ ಒಂದು ಗುಂಪಿಗೆ ಸೇರಿಸಿದಳು. ಹೆಸರು 'ಬೊಗಸೆ ಮಣ್ಣು'. ನಡೆಸುವವರು ಕೃಷ್ಣರಾಜನಗರದ ಹೈಸ್ಕೂಲ್ ಟೀಚರ್ ಗೌತಮಿ. ಮುನ್ನೂರು ಜನ. ಬಕೆಟ್ಟು, ಒಡೆದ ಸಿಂಕು, ಅಕ್ಕಿ ಚೀಲದಲ್ಲಿ ಬದನೆ ಬೆಳೆದು ಫೋಟೋ ಹಾಕುವ ಜನ. ಅಂಗೈಯಗಲ ಜಾಗವಿಲ್ಲದವರು ತೋಟ ಮಾಡಿಕೊಂಡಿದ್ದರು, ಐದು ಎಕರೆಯ ಒಡತಿ ಅದನ್ನು ನೋಡಿಕೊಂಡು ಕೂತಿದ್ದಳು. ಇದನ್ನು ಅನ್ಯಾಯ ಅನ್ನದೆ ಇನ್ನೇನನ್ನಬೇಕೋ ನನಗಂತೂ ಗೊತ್ತಿಲ್ಲ.

ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಐದಾರು ದಿನ ಶಾಖ ಏರುಪೇರಾಗದಂತೆ ಯಾರಾದರೂ ಒಬ್ಬರು ಕಾಯಲೇಬೇಕು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ಪಾಳಿ ಭಾಗ್ಯಳದು. ಒಲೆಬಾಯಿಗೆ ಸೌದೆ ನೂಕಬೇಕು, ಥರ್ಮಾಮೀಟರ್ ನೋಡಬೇಕು, ಎದ್ದು ಎಲ್ಲಿಗೂ ಹೋಗುವಂತಿಲ್ಲ. ಮೊದಲು ಆ ನಾಲ್ಕು ಗಂಟೆ ಅವಳಿಗೆ ಶಿಕ್ಷೆಯಾಗಿತ್ತು. ಗುಂಪು ಸೇರಿದ ಮೇಲೆ ಊಟವನ್ನು ಅರ್ಧಕ್ಕೇ ಮುಗಿಸಿ ಪಾಳಿಗೆ ಓಡತೊಡಗಿದಳು. ಬೇರೆ ಕಡೆ ಹೋಗಲಾಗದ ಜಾಗದಲ್ಲಿ ಯಾರೂ ಬೇರೆ ಕೆಲಸ ಹೇಳುವುದಿಲ್ಲವಲ್ಲ! ಯಾರ ಗುಲಾಬಿಗೆ ಹುಳ, ಯಾರ ಕರಿಬೇವು ಚಿಗುರುತ್ತಿಲ್ಲ, ಪಿರಿಯಾಪಟ್ಟಣದ ಚಲುವಯ್ಯನವರು ಅದಕ್ಕೆ ಏನು ಹೇಳಿದರು, ಎಲ್ಲ ಅವಳಿಗೆ ಬಾಯಿಪಾಠ. ಚಲುವಯ್ಯನವರು ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಗುಂಪಿನಲ್ಲಿ ಗಿಡದ ಡಾಕ್ಟರು.

ಕಳೆದ ಜನವರಿಯಲ್ಲಿ, ಸೊಪ್ಪಿನ ಕೆಲಸವಿಲ್ಲದ ದಿನಗಳಲ್ಲಿ, ಅವ್ವನ ಗುಂಡು ಮೆಣಸಿನಕಾಯಿ ಬೀಜವನ್ನು ಬಾಯಿ ಕತ್ತರಿಸಿದ ಎಣ್ಣೆ ಟಿನ್ನಿನಲ್ಲಿ ಚೆಲ್ಲಿ ಸಸಿ ಮಾಡಿದಳು. ಬಸ್ಸಿನ ಕಂಡಕ್ಟರ್ ಕೈಲಿ ಇಪ್ಪತ್ತು ಸಸಿ ಗೌತಮಿಗೆ ಕಳಿಸಿದಳು. ಏಪ್ರಿಲ್ ಹೊತ್ತಿಗೆ ಫೋಟೋ ಮೇಲೆ ಫೋಟೋ. ಎಲೆ ಕಾಣದಷ್ಟು ಕಾಯಿ. "ಭಾಗ್ಯಕ್ಕನ ಕೈಗುಣ ನೋಡಿ ಹೇಗಿದೆ! ನೆಟ್ಟವೆಲ್ಲ ಬಂದಿವೆ" ಎಂದು ಗೌತಮಿ ದನಿಯಲ್ಲೇ ಹೇಳಿ ಕಳಿಸಿದರು. ಅದನ್ನು ಭಾಗ್ಯ ಎಷ್ಟು ಸಲ ಕೇಳಿದಳು ಎಂದು ನಾನು ಹೇಳಹೋಗುವುದಿಲ್ಲ. ಆ ಮನೆಯಲ್ಲಿ ಹತ್ತೊಂಬತ್ತು ವರ್ಷದಲ್ಲಿ ಅವಳ ಕೈ ಬಗ್ಗೆ ಯಾರಾದರೂ ಮಾತಾಡಿದ್ದರೆ ಸಾರಿಗೆ ಉಪ್ಪು ಹೆಚ್ಚಾದಾಗ ಮಾತ್ರ.

ಹೊಗಳಿಕೆಗೆ ಅವಳು ಉಬ್ಬಿಹೋದಳು. ಇನ್ನಷ್ಟು ಸಸಿ ಬೇಕೆಂದು ಗುಂಪಿನವರು ಕೇಳಿದ್ದೇ ತಡ, ಜುಲೈಯಲ್ಲಿ ಮತ್ತೆ ಬೀಜ ಚೆಲ್ಲಿದಳು. ಸಸಿ ಎದ್ದ ಹೊತ್ತಿಗೆ ಸೊಪ್ಪು ಕಟ್ಟುವ ಕೆಲಸ ಬಿರುಸಾಗಿತ್ತು. ಹತ್ತು ಕಡ್ಡಿ ಕಟ್ಟುವುದು, ಎದ್ದು ಹೋಗಿ ನಾಲ್ಕು ಸಸಿ ಕಿತ್ತು ಲೋಟಕ್ಕೆ ನೆಡುವುದು, ಮತ್ತೆ ಬಂದು ಕೂರುವುದು. ನಡುವೆ ಕೈಯನ್ನು ನೀರಿನಲ್ಲಿ ಅದ್ದಿ ಒದರಿಕೊಂಡಿದ್ದಳು, ಅಷ್ಟೆ. ನಲವತ್ತೆರಡು ಸಸಿ ಗುಂಪಿನವರಿಗೆ ಹೋದವು.

ಸೆಪ್ಟೆಂಬರಿನ ಒಂದು ಭಾನುವಾರ ಗೌತಮಿಯ ತಾರಸಿಯ ಮೇಲೆ ಗುಂಪಿನವರೆಲ್ಲ ಸೇರುವುದೆಂದು ಗೊತ್ತಾಯಿತು. ಹಿಂದೆ ಎರಡು ಸಲ ಸೇರಿದಾಗಲೂ ಬ್ಯಾರನ್ ಬಿಟ್ಟು ಭಾಗ್ಯ ಹೋಗಲಾಗಿರಲಿಲ್ಲ. ಈ ಸಲ ಸಸಿ ಹೇಗೆ ಕೀಳಬೇಕು, ಹೇಗೆ ನೆಡಬೇಕು ಅಂತ ಅವಳೇ ಎಲ್ಲರಿಗೂ ಮಾಡಿ ತೋರಿಸಬೇಕಂತೆ. ಗಂಡನನ್ನು ಹೆದರುತ್ತಲೇ ಕೇಳಿದಳು. "ಶುಕ್ರವಾರಕ್ಕೆ ಬ್ಯಾರನ್ ಖಾಲಿ ಆಯ್ತದೆ. ಮುಂದಿನ್ ಕಟಾವು ಸೋಮ್ವಾರ. ಓಗ್ಬಾ ಬುಡು" ಅಂದುಬಿಟ್ಟ. ಅವಳು ನೀಲಿ ಸೀರೆ ತೆಗೆದು ಇಸ್ತ್ರಿ ಮಾಡಿಟ್ಟಳು.

ಬುಧವಾರ ಮೊದಲ ಫೋಟೋ ಬಂತು. ಮೆಣಸಿನ ಗಿಡದ ಎಲೆ ಮುದುರಿ, ಹಸಿರು ಹಳದಿ ಮಚ್ಚೆ ಎದ್ದಿತ್ತು. ಸಂಜೆಯೊಳಗೆ ಅಂಥವೇ ಹದಿನಾಲ್ಕು ಫೋಟೋ. ಯಾರೂ ಅವಳ ಹೆಸರು ಎತ್ತಲಿಲ್ಲ. ಗುರುವಾರ ಅವಳು ಪಾಳಿಯಲ್ಲಿ ಒಲೆಬಾಯಿಗೆ ಸೌದೆ ನೂಕುತ್ತಾ ಕೂತಿದ್ದಾಗ ಚಲುವಯ್ಯನವರ ದನಿ ಬಂತು. "ಇದು ವೈರಸ್ಸು. ಕೊರೊನಾ ಮುಟ್ಟಿದರೆ ಬರ್ತದೆ ಅಂತಿದ್ದರಲ್ಲ, ಇದು ನಿಜವಾಗಿಯೂ ಮುಟ್ಟಿದರೇ ಬರೋದು. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಮೆಣಸಿನಕಾಯಿಗೆ, ಟೊಮೊಟೊಗೆ ದಾಟುತ್ತೆ. ಸೋಪು ಹಾಕಿ ತೊಳೀಬೇಕು, ಆಮೇಲೆ ಹಾಲಿನಲ್ಲಿ ಕೈ ಅದ್ದಬೇಕು. ಬಂದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಸುಡೋದೇ."

ಅವಳ ಕೈ ಆಗಲೂ ಸೌದೆ ನೂಕುತ್ತಲೇ ಇತ್ತು. ನಿಲ್ಲಿಸಿದರೆ ಶಾಖ ಇಳಿಯುತ್ತದೆ. ಸೊಪ್ಪು ಕಟ್ಟುತ್ತಲೇ ಸಸಿ ಕಿತ್ತು ನೆಟ್ಟ ಕೈ ಅದು. ತನ್ನ ಮನೆ ಸೊಪ್ಪಿನ ಮನೆ ಅಂತ ಗುಂಪಿನಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೆ ಎಲ್ಲೂ ಸಿಗದ ಒಳ್ಳೆ ಹೆಸರು ಸಿಕ್ಕಿದ್ದ ಒಂದೇ ಜಾಗವೂ ಹೋಗುತ್ತದೆ. ಹೇಳದೆ ಹೋದರೆ ಇದೇ ಕೈಯಲ್ಲಿ ಭಾನುವಾರ ನಲವತ್ತು ಜನರ ಗಿಡ ಮುಟ್ಟಬೇಕು. ಬ್ಯಾರನ್ ನೆವ ಹೇಳಿ ಮನೆಯಲ್ಲೇ ಉಳಿದುಬಿಡಬಹುದಿತ್ತು. ಆದರೆ ಎರಡು ಸಲ ನಿಜವಾಗಿದ್ದ ಮಾತನ್ನು ಮೂರನೇ ಸಲ ಸುಳ್ಳಾಗಿ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

ಆ ದಿನವೇ ಗಂಡನ ಹತ್ತಿರ ಕೇಳಿದಳು. "ರೀ, ಮುಂದಿನ್ ವರ್ಷ ನಾನು ಸೊಪ್ಪು ಮುಟ್ದೆ ಇದ್ರೆ ಆಗಲ್ವಾ? ದನ, ಅಡುಗೆ, ರಾಗಿ ಕಳೆ ಎಲ್ಲ ನಾನೇ ನೋಡ್ಕೋತೀನಿ."

ಮಹೇಶ್‌ಕುಮಾರ್ ರೇಗಲಿಲ್ಲ. "ಕಟ್ಟೋರ್ ಯಾರು ಕಣೆ? ಆಳು ಎಲ್ ಸಿಕ್ತಾರೆ? ನಿಂಗೆ ಗಿಡ ಬೇಕಾದ್ರೆ ಊವಿನ್ ಗಿಡ ಆಕ್ಕೊ. ಮೆಣಸಿನ್ಕಾಯಿ ಅಂಗಡೀಲೇ ಸಿಕ್ತದಲ್ಲ" ಅಂದ. ಅವನ ಮಟ್ಟಿಗೆ ಅದು ಉದಾರವಾದ ಮಾತೇ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಹಾಲು ಕರೆದಾದ ಮೇಲೆ ಭಾಗ್ಯ ಮೂರು ಸಲ ಸೋಪು ಹಾಕಿ ಕೈ ಉಜ್ಜಿದಳು. ಡೈರಿಗೆ ಹೋಗಬೇಕಾದ ಕ್ಯಾನಿನಿಂದ ಒಂದು ಲೋಟ ಹಾಲು ಬಟ್ಟಲಿಗೆ ಸುರಿದು ಎರಡೂ ಕೈ ಅದ್ದಿದಳು. ಬೆರಳ ಸಂದಿಯ ಕಪ್ಪು ಹಾಗೇ ಇತ್ತು. ಹಿಂದಿನಿಂದ ಸುನಂದಮ್ಮನ ದನಿ ಕೇಳಿಸಿತು.

"ಅಯ್ಯಯ್ಯೋ! ಹಾಲಲ್ಲಿ ಕೈ ತೊಳೀತಿದ್ದೀಯಲ್ಲೇ! ಯಾವ್ ಅರಮನೆಯಿಂದ ಬಂದವ್ಳೇ ನೀನು?"

ಭಾಗ್ಯಳಿಗೆ ಅಳು ಒತ್ತರಿಸಿ ಬಂತು. "ಅತ್ತೆ, ಬೈಬೇಡಿ. ಸೊಪ್ಪು ಮುಟ್ಟಿದ್ ಕೈಲಿ ಮೆಣಸಿನ್ ಗಿಡ ಮುಟ್ಟುದ್ರೆ ರೋಗ ಬತ್ತದಂತೆ. ಎಲೆ ಮುದುರ್ಕೊಂಡು ಅಳದಿ ಮಚ್ಚೆ ಬತ್ತದಂತೆ. ನಾನ್ ಕಳ್ಸಿದ್ ಸಸೀಗೆಲ್ಲ ಬಂದದೆ."

ಸುನಂದಮ್ಮ ಬಟ್ಟಲ ಹತ್ತಿರ ಬಗ್ಗಿದರು. "ಟೊಮೊಟೊಗೂ ಬತ್ತದಾ?"

"ಬತ್ತದಂತೆ."

"ಯಾರ್ ಮುಟ್ಟುದ್ರೂವೆ?"

"ಸೊಪ್ಪಿನ್ ಕೈ ಆದ್ರೆ ಯಾರ್ ಮುಟ್ಟುದ್ರೂವೆ."

ಅತ್ತೆ ಕ್ಯಾನ್ ಎತ್ತಿಕೊಂಡು ಡೈರಿಗೆ ಹೊರಟುಬಿಟ್ಟರು. ಹಾಲು ಚೆಲ್ಲಿದ ಸೊಸೆಯನ್ನು ಬೈದು ಮುಗಿಸದೆ ಹೋದ ಅತ್ತೆಯನ್ನು ಆ ಊರು ನೋಡಿದ್ದೇ ಇಲ್ಲ.

ಶನಿವಾರ ಮಧ್ಯಾಹ್ನ, ಖಾಲಿ ಬ್ಯಾರನ್ನಿನ ಬಾಗಿಲಲ್ಲಿ ಕೂತು ಭಾಗ್ಯ ದನಿ ಕಳಿಸಿದಳು. ನಾಲ್ಕು ಸಲ ಮಾತಾಡಿ ಅಳಿಸಿದಳು. ಐದನೆಯದು ಹೋಯಿತು. "ನಾನು ಭಾಗ್ಯ. ನಿಮ್ಮ ಗಿಡಗಳಿಗೆ ಬಂದಿರೋದು ನನ್ನ ಕೈಯಿಂದ. ನಮ್ಮದು ಸೊಪ್ಪಿನ ಮನೆ. ನಂಗೆ ಗೊತ್ತಿರಲಿಲ್ಲ. ನಾ ಕೊಟ್ಟ ಗಿಡ ಎಲ್ಲಾ ಕಿತ್ತು ಸುಟ್ಬಿಡಿ. ತಪ್ಪಾಯ್ತು."

ಒಂದು ಗಂಟೆ ಕಾಲ ಕೇಳಿದ ಗುರುತು ಮಾತ್ರ ಸಾಲಾಗಿ ಬಂತು. ಇಬ್ಬರು ಗುಂಪು ಬಿಟ್ಟು ಹೋದರು. ಒಬ್ಬರು "ಮೊದಲೇ ಹೇಳಬೇಕಿತ್ತು" ಎಂದು ಬರೆದರು. ಆಮೇಲೆ ಗೌತಮಿ ಮಾತಾಡಿದರು: "ಭಾಗ್ಯಕ್ಕ, ನಾಳೆ ನೀವು ಬರಲೇಬೇಕು. ಗಿಡ ಮುಟ್ಟೋದು ಬೇಡ, ನೀವು ಹೇಳಿ, ನಾವು ನೆಡ್ತೀವಿ. ಬರದೇ ಇದ್ದರೆ ಮುಖ ತೋರಿಸೋಕೆ ಆಗದೆ ಕೂತ್ರು ಅಂತ ಜನ ಅಂದ್ಕೋತಾರೆ. ನನಗೆ ಅದು ಇಷ್ಟ ಇಲ್ಲ."

ಭಾಗ್ಯ ಗಟ್ಟಿಯಾಗಿ ಅತ್ತಳು. ಆ ಊರಿಗೆ ಬಂದ ಮೇಲೆ ಸಂತೋಷಕ್ಕೆ ಅತ್ತದ್ದು ಅದೇ ಮೊದಲು.

ಭಾನುವಾರ ಏಳಕ್ಕೆ ಅವಳು ನೀಲಿ ಸೀರೆ ಉಟ್ಟು ಜಡೆ ಹಾಕಿಕೊಳ್ಳುತ್ತಿದ್ದಳು. ಹೊರಗೆ ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದಿನ ಗಾಡಿ ತುಂಬ ಹಸಿ ಸೊಪ್ಪು.

"ಮೋಡ ನೋಡ್ದಾ? ಮಳೆ ಬಿದ್ರೆ ಎಲೆ ಅಂಟೆಲ್ಲ ತೊಳ್ದೋಯ್ತದೆ, ತೂಕ ನಿಲ್ಲಾಕಿಲ್ಲ. ಅದ್ಕೇ ಬೆಳಕರಿಯೋ ಮುಂಚೇನೇ ಆಳ್ ಕರ್ಕೊಂಡ್ ಕೀಳುಸ್ಬುಟ್ಟೆ" ಅಂದ ಮಹೇಶ್‌ಕುಮಾರ್. ಅವಳ ಮುಖ ನೋಡದೆ, ಸೊಪ್ಪು ಇಳಿಸುತ್ತಾ, "ಇದೊಂದಿನ ಕಣೆ" ಅಂತ ಸೇರಿಸಿದ.

ಕಿತ್ತ ಸೊಪ್ಪು ಅಂದೇ ಕಡ್ಡಿಗೆ ಏರಬೇಕು, ನಾಳೆಗಿಟ್ಟರೆ ರಾಶಿಯಲ್ಲೇ ಬಿಸಿಯೇರಿ ಕೆಟ್ಟುಹೋಗುತ್ತದೆ. ಅದು ಅವಳಿಗೂ ಗೊತ್ತು. ಜಗಳಕ್ಕೆ ಜಾಗವೇ ಇಲ್ಲದ ಹಾಗೆ ಎಲ್ಲವೂ ಸರಿಯಾಗಿತ್ತು. ಮೋಡ ನಿಜ, ಸೊಪ್ಪು ನಿಜ, ಕಟ್ಟುವ ಆಳಿಲ್ಲದ್ದೂ ನಿಜ. ನನಗೆ ಮೈಯುರಿಯುವುದು ಅದಕ್ಕೇ. ಭಾಗ್ಯ ಒಳಗೆ ಹೋಗಿ ಸೀರೆ ಬಿಚ್ಚಿ, ಮಡಿಸಿಟ್ಟು, ಹಳೆ ನೈಟಿ ಹಾಕಿಕೊಂಡು ಬಂದು ಕೂತಳು.

ಬರಲಾಗುವುದಿಲ್ಲ ಎಂದಷ್ಟೇ ಗೌತಮಿಗೆ ದನಿ ಕಳಿಸಿದ್ದಳು, ಹನ್ನೊಂದಕ್ಕೆ ಅವರ ವಿಡಿಯೋ ಕಾಲ್ ಬಂತು. ಮೂಗಿನಿಂದಲೇ ಒತ್ತಿದಳು. ತೆರೆಯ ಮೇಲೆ ತಾರಸಿ, ಕುಂಡಗಳು, ನಲವತ್ತು ಮುಖ. ಕಟ್ಟುತ್ತಲೇ ಅವಳು ಹೇಳಿಕೊಟ್ಟಳು. ಸಸಿಯನ್ನು ಕಾಂಡ ಹಿಡಿದು ಎತ್ತಬೇಡಿ, ಎಲೆ ಹಿಡೀರಿ. ಬೇರಿನ ಮಣ್ಣು ಉದುರಿಸಬೇಡಿ. ನೆಟ್ಟ ಮೇಲೆ ಒತ್ತಬೇಡಿ, ನೀರೇ ಕೂರಿಸುತ್ತದೆ. ಅಲ್ಲಿ ತೊಳೆದ ಕೈಗಳು ಅವಳು ಹೇಳಿದಂತೆ ಮಾಡಿದವು.

"ಅಕ್ಕ, ಎಲ್ಲೋ ನೋಡ್ತಾ ಮಾತಾಡ್ತಿದ್ದೀರಲ್ಲ, ಏನು ಮಾಡ್ತಿದ್ದೀರಿ?" ಎಂದು ಯಾರೋ ಕೇಳಿದರು.

ಭಾಗ್ಯ ಎರಡೂ ಅಂಗೈ ತೆರೆಗೆ ಹಿಡಿದಳು. "ಇದಕ್ಕೇನಾ ಬರಲಿಲ್ಲ?" ಎಂದರು ಗೌತಮಿ ಮೆಲ್ಲಗೆ. "ಹೂಂ ಮೇಡಂ" ಅಂದಳು. ಊಟದ ಹೊತ್ತಾಯಿತೆಂದು ಅವರೆಲ್ಲ ಕೈಬೀಸಿ ಕಾಲ್ ಮುಗಿಸಿದರು.

ಎಲೆ ಎತ್ತಿಕೊಡುತ್ತಿದ್ದ ಸುನಂದಮ್ಮ ಆಗ ಬಾಯಿಬಿಟ್ಟರು.

"ನಾನ್ ಮದ್ವೆಯಾಗಿ ಬಂದ್ ವರ್ಷ ಅನ್ನೆರ್ಡ್ ಟೊಮೊಟೊ ಗಿಡ ಆಕಿದ್ದೆ ಕಣವ್ವ. ಅಂಗೇ ಮುದುರ್ಕೊಂಡೋದ್ವು, ನೀ ಯೋಳ್ದಂಗೇ, ಅಳದಿ ಮಚ್ಚೆ. ನನ್ನತ್ತೆ ಕೇರಿಯೋರೆಲ್ಲರ ಮುಂದೆ, ಇವ್ಳ ಕೈಗುಣ ನೆಟ್ಟಗಿಲ್ಲ ಅಂದ್ಬುಟ್ರು. ಅವತ್ನಿಂದ ಬಿತ್ನೆ ದಿನ ನನ್ನ ಒಳ್ಗೇ ಕೂರುಸೋರು. ಅಕ್ಕಪಕ್ಕದೋರೂ ಒಂದ್ ಬೀಜ ಮುಟ್ಟುಸ್ತಿರ್ಲಿಲ್ಲ. ನಲವತ್ ವರ್ಷ ಆಯ್ತು. ನಾನೂ ಅಂಗೇ ಅಂದ್ಕೊಂಡಿದ್ದೆ."

ಭಾಗ್ಯ ಕಡ್ಡಿಯಿಂದ ತಲೆಯೆತ್ತಿದಳು. "ನಿಮ್ ಕೈಲಿ ಏನೂ ಇರ್ನಿಲ್ಲ ಅತ್ತೆ. ಸೊಪ್ಪಿಂದು ಅದು."

"ಅಂಗಾರೆ ಸೊಪ್ಪು ಬುಟ್ಟು ಒಂದ್ ಗಿಡ ನೆಟ್ರೆ, ಬತ್ತದಾ ನನ್ ಕೈಲಿ?"

"ಬತ್ತದೆ ಅತ್ತೆ. ಯಾಕ್ ಬರಾಕಿಲ್ಲ?"

ಸುನಂದಮ್ಮ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಬುಡಾದೆಂಗವ್ವ?" ಅಂದರು.

ಅತ್ತೆ ಮೂರು ಎಲೆ ಎತ್ತಿ ಕೊಟ್ಟರು, ಭಾಗ್ಯ ಕಟ್ಟಿದಳು. ಸಂಜೆಯೊಳಗೆ ಇನ್ನೂ ಇನ್ನೂರು ಕಡ್ಡಿ ಆಗಬೇಕಿತ್ತು.