ಕಪ್ಪಾಗಿ ಬಂದ ಮೂರು ವಿಡಿಯೋಗಳು

ಬಣಕಲ್‌ನ ಬೆಳೆಗಾರರ ಸಂಘದ ಸಭೆಯಲ್ಲಿ, ನಲವತ್ತು ಜನರ ಎದುರು, ನಾನು ಒಬ್ಬ ಹೆಂಗಸನ್ನು ವಾದದಲ್ಲಿ ಸೋಲಿಸಿದೆ. ಅವರು ಹೇಳಿದ್ದೆಲ್ಲ ನಿಜವಾಗಿತ್ತು. ನಾನು ಹೇಳಿದ್ದರಲ್ಲಿ ಒಂದೂ ನಿಜವಲ್ಲ. ಆದರೂ ಗೆದ್ದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೇ ನಂಬಿಕೆಯಿಲ್ಲದ ಪಕ್ಷವನ್ನು ಹಿಡಿದು ಎಷ್ಟೋ ಬಹುಮಾನ ತಂದಿದ್ದೇನೆ. ಅಲ್ಲಿ ಸೋತವರು ಕೈಕುಲುಕಿ ನಮ್ಮ ಜೊತೆಗೇ ಕ್ಯಾಂಟೀನಿಗೆ ಬರುತ್ತಿದ್ದರು. ಇಲ್ಲಿ ಸೋತವರು ಒಬ್ಬರೇ ಬಸ್ಸು ಹತ್ತಿ ಜಾವಳಿಗೆ ಹೋದರು. ಅವರ ತೋಟದಲ್ಲಿ ಬೋರರ್ ಇತ್ತು.

ಬೋರರ್ ಎಂದರೆ ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಒಳಗೊಳಗೇ ಕೊರೆಯುವ ಹುಳು. ಹೊರಗೆ ಕಾಣುವುದು ಕಾಂಡದ ಮೇಲೊಂದು ಸಣ್ಣ ಉಬ್ಬು, ಹಳದಿಗೆ ತಿರುಗಿದ ಒಂದಿಷ್ಟು ಎಲೆ, ಅಷ್ಟೆ. ಮಳೆ ಹಿಂದೆಗೆಯುವ ಸೆಪ್ಟೆಂಬರಿನಲ್ಲಿ ಅಂಥ ಗಿಡಗಳನ್ನು ಹುಡುಕಿ ಗುರುತು ಮಾಡಿ, ಬೇರುಸಹಿತ ಕಿತ್ತು ಸುಡಬೇಕು. ತಡವಾದರೆ ಹುಳು ದುಂಬಿಯಾಗಿ ತೂತು ಕೊರೆದು ಹೊರಬಂದು ಪಕ್ಕದ ಗಿಡಕ್ಕೆ, ಬೇಲಿ ದಾಟಿ ಪಕ್ಕದ ತೋಟಕ್ಕೆ ಹಾರುತ್ತದೆ. ಹಾಗಾಗಿ ಆ ದಿನಗಳಲ್ಲಿ ನಮ್ಮ ಕಡೆ ಎಲ್ಲರ ಕಣ್ಣೂ ಬೇಲಿಯಾಚೆಗಿನ ಹೊಗೆಯ ಮೇಲೆ. ಹೊಗೆ ಕಾಣದ ತೋಟದವರನ್ನು ಕುರಿತು ಬೇಗ ಮಾತು ಹುಟ್ಟುತ್ತದೆ.

ಸಂಘಕ್ಕೆ ವೆಬ್‌ಸೈಟು ಮಾಡಿಕೊಟ್ಟವಳು ನಾನು. ಬೆಳೆಗಾರರು ಅನುಮಾನ ಬಂದ ಗಿಡದ ವಿಡಿಯೋ ಅದರಲ್ಲಿ ಹಾಕಬೇಕು. ಸಂಘದ ಸಲಹೆಗಾರರಾದ, ಚಿಕ್ಕಮಗಳೂರಿನಲ್ಲಿರುವ ನಿವೃತ್ತ ಕಾಫಿ ವಿಜ್ಞಾನಿಯೊಬ್ಬರು ತಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ನೋಡಿ, ಕೀಳಬೇಕೋ ಬೇಡವೋ ಎಂದು ಉತ್ತರ ಬರೆಯುತ್ತಾರೆ. ಪುಟದ ತಲೆಯಲ್ಲಿ ನಾನು ದಪ್ಪ ಅಕ್ಷರದಲ್ಲಿ ಎರಡು ಸೂಚನೆ ಬರೆದಿದ್ದೆ. ಮೊಬೈಲಿನ ಗ್ರೂಪಿಗೆ ಹಾಕಿದ ವಿಡಿಯೋ ಬೇಡ, ಫೋನಿನಲ್ಲಿ ತೆಗೆದ ಮೂಲ ವಿಡಿಯೋವನ್ನೇ ಕಳಿಸಿ. ಗ್ರೂಪಿಗೆ ಹೋಗಿಬಂದರೆ ಚಿತ್ರ ಮಸುಕಾಗಿ ಉಬ್ಬು ಕಾಣುವುದಿಲ್ಲ. ಮತ್ತೊಂದು, ಉತ್ತರ ಬರುವವರೆಗೆ ಗಿಡ ಕೀಳಬೇಡಿ. ಗೊಬ್ಬರ ಸಾಲದೆ ಹಳದಿಯಾದ ಗಿಡಗಳನ್ನೂ ಹಿಂದಿನ ವರ್ಷ ಜನ ಗಾಬರಿಯಲ್ಲಿ ಕಿತ್ತು ಹಾಕಿದ್ದರು.

ನಾನು ಸಭೆಯಲ್ಲಿ ಸೋಲಿಸಿದ ಈ ಅಕ್ಕನದು ಜಾವಳಿಯ ಹತ್ತಿರ ಎರಡೂವರೆ ಎಕರೆ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ನೆಡಿಸಿದ ಅರೇಬಿಕಾ, ಈಗಷ್ಟೇ ತುಂಬು ಫಸಲು ಹಿಡಿಯುತ್ತಿತ್ತು. ಅವರು ಗಣೇಶನ ಹಬ್ಬ ಕಳೆದ ಮಾರನೇ ದಿನ ಮೊದಲ ವಿಡಿಯೋ ಕಳಿಸಿದರು. ಪರದೆ ಪೂರ್ತಿ ಕಪ್ಪು. ಸದ್ದು ಮಾತ್ರ ಸ್ಪಷ್ಟ. ತೆಂಗಿನ ನಾರಿನಿಂದ ಕಾಂಡ ಉಜ್ಜುವ ಪರಪರ, ಆಮೇಲೆ ಅವರ ದನಿ: “ಬುಡದಿಂದ ಒಂದು ಗೇಣು ಮೇಲೆ ನೋಡಿ ಸಾರ್, ಇಲ್ಲಿ ಉಬ್ಬಿದೆ. ಕೈಗೆ ಸಿಗ್ತದೆ.”

ಸಲಹೆಗಾರರು ‘ಚಿತ್ರ ಬಂದಿಲ್ಲ’ ಎಂದು ಬರೆದರು. ನಾನು ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಕ್ಯಾಮೆರಾ ಮೇಲೆ ಬೆರಳಿಟ್ಟಿದ್ದೀರಿ. ಇನ್ನೊಂದ್ಸಲ ತೆಗೀರಿ.”

“ಬೆರಳಾ? ಇಲ್ವಲ್ಲ ಮಾರಾಯ್ತಿ... ಇರ್ಲಿ, ತೆಗೀತೀನಿ.”

ಎರಡನೆಯದೂ ಕಪ್ಪು. ಫೋನಿನ ಕವರ್ ಅಡ್ಡ ಬಂದಿರಬೇಕು ಎಂದೆ. ಮೂರನೆಯದೂ ಕಪ್ಪು. ಅವರ ತೋಟದಲ್ಲಿ ಇಂಟರ್ನೆಟ್ ಸಿಗುವುದಿಲ್ಲ. ಒಂದೊಂದು ವಿಡಿಯೋ ಕಳಿಸಲೂ ಅವರು ಗುಡ್ಡ ಹತ್ತಿ ಡಾಂಬರು ರಸ್ತೆಗೆ ಬಂದು, ಮೋರಿಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಕಾಯುತ್ತಿದ್ದರು. ಇದು ನನಗೆ ಗೊತ್ತಿತ್ತು, ಅವರೇ ಹೇಳಿದ್ದರು. ಗೊತ್ತಿದ್ದೂ ‘ಇನ್ನೊಂದ್ಸಲ’ ಎಂಬ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತಿತ್ತು!

ಅಕ್ಟೋಬರಿನ ಸಭೆಗೆ ಅಕ್ಕ ಬಂದರು. ತಮ್ಮ ಸರದಿಗಾಗಿ ಕಾದು ಎದ್ದು ನಿಂತರು.

“ಮೂರು ಸಲ ಕಳ್ಸಿದೆ. ಇನ್ನೂ ಉತ್ತರ ಇಲ್ಲ. ಗಿಡ ಹಾಗೇ ನಿಂತಿದಾವೆ.”

“ನಿಮ್ಮ ವಿಡಿಯೋದಲ್ಲಿ ಏನೂ ಕಾಣಲ್ಲ ಅಕ್ಕ” ಎಂದೆ.

“ನನ್ನ ಫೋನಲ್ಲಿ ಚೆನ್ನಾಗಿ ಕಾಣ್ತದಲ್ಲ ಮಾರಾಯ್ತಿ. ನೋಡು ಬೇಕಾದ್ರೆ.” ಅವರು ಫೋನ್ ಚಾಚಿದರು.

ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದ್ದರೆ ಮುಗಿಯುತ್ತಿತ್ತು. ಎಲ್ಲವನ್ನೂ ಪ್ರಶ್ನಿಸುವವಳು, ಕಣ್ಣಾರೆ ಕಾಣದೆ ಯಾವುದನ್ನೂ ಒಪ್ಪದವಳು ಎಂದು ನನಗೆ ನಾನೇ ಹೆಸರು ಕೊಟ್ಟುಕೊಂಡಿದ್ದೆ. ಕಣ್ಣೆದುರು ಬಂದದ್ದನ್ನು ನೋಡಲಿಲ್ಲ.

“ನಿಮ್ಮ ಫೋನಲ್ಲಿರೋದೂ ನೀವು ಕಳ್ಸಿದ್ದೂ ಒಂದೇ ಅಂತ ಏನು ಗ್ಯಾರಂಟಿ?” ಎಂದೆ. ಆಮೇಲೆ ಸಭೆಯತ್ತ ತಿರುಗಿದೆ. ತೀರ್ಪುಗಾರರತ್ತ ತಿರುಗಿ ಅಭ್ಯಾಸ. “ಸೈಟೇ ಕೆಟ್ಟಿದ್ರೆ ಎಲ್ಲರದ್ದೂ ಕೆಡಬೇಕಿತ್ತು, ಅಲ್ವಾ? ಇಲ್ಲಿ ಬೇರೆ ಯಾರದ್ದಾದ್ರೂ ಕಪ್ಪಾಗಿ ಬಂದಿದ್ಯಾ? ಕೈಯೆತ್ತಿ.”

ಯಾರೂ ಎತ್ತಲಿಲ್ಲ.

“ಎಲ್ಲರಿಗೂ ಒಂದೇ ಸೈಟು. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ?”

“ಹೆಬ್ಬೆರಳಲ್ಲಿ!” ಎಂದರು ಹಿಂದಿನ ಸಾಲಿನಿಂದ ಯಾರೋ.

ನಗು ಎದ್ದಿತು. ನಾನೂ ನಕ್ಕೆ. ಅಷ್ಟಕ್ಕೆ ಬಿಟ್ಟೆನೇ? ಇಲ್ಲ. ಮೂರನೆಯ ವಿಡಿಯೋವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಕಿ ತೋರಿಸಿದೆ. ಕಪ್ಪು ಗೋಡೆಯಿಂದ ಅಕ್ಕನ ದನಿ ಬಂತು: “ಈ ಸಲ ಬೆರಳು ದೂರ ಇಟ್ಟಿದ್ದೀನಿ ಸಾರ್. ಗಾಜನ್ನ ಸೆರಗಲ್ಲಿ ಒರೆಸಿದ್ದೀನಿ.” ಜನ ಬಿದ್ದು ಬಿದ್ದು ನಕ್ಕರು.

ಅಕ್ಕನ ಬೇಲಿಯ ಪಕ್ಕದ ತೋಟದವರೂ ಅಲ್ಲಿದ್ದರು. ಅವರು ನಗಲಿಲ್ಲ. “ಬೆರಳಿನ ಕತೆ ಇರ್ಲಿ. ಗಿಡ ಯಾವಾಗ ಕೀಳೋದು? ನಮ್ಮ ತೋಟಕ್ಕೆ ಹಾರಿದ ಮೇಲಾ?”

“ಉತ್ತರ ಬರೋ ತನಕ ಕೀಳಬೇಡಿ ಅಂತ ಇವ್ರೇ ಬರ್ದಿದ್ದಾರಲ್ಲ” ಎಂದರು ಅಕ್ಕ.

“ಕಾಯಿ ತುಂಬಿದಾವೆ, ಕೀಳೋಕೆ ಮನಸ್ಸಿಲ್ಲ ಅಂತ ಹೇಳಿ. ಮೂರು ಸಲ ಕಪ್ಪು ವಿಡಿಯೋ ಕಳ್ಸಿದ್ರೆ ಕೊಯ್ಲಿನ ತನಕ ತಳ್ಳಬಹುದು, ಅಲ್ವಾ?”

ಅಕ್ಕ ನನ್ನ ಮುಖ ನೋಡಿದರು. ಅದು ಹಾಗಲ್ಲ ಎಂದು ನಾನಾದರೂ ಹೇಳಲಿ ಎಂಬಂತೆ. ನಾನು ಮುಂದಿನ ವಿಷಯದ ಹಾಳೆ ತೆಗೆಯುತ್ತಿದ್ದೆ.

“ಆಯ್ತು ಮೇಡಂ” ಎಂದರು. “ಇನ್ನೊಂದ್ಸಲ ತೆಗೀತೀನಿ.”

ಅಲ್ಲಿಯವರೆಗೆ ನಾನು ಅವರಿಗೆ ಮೇಡಂ ಆಗಿರಲಿಲ್ಲ.

ನಾಲ್ಕನೆಯ ವಿಡಿಯೋ ಬರಲಿಲ್ಲ. ಎರಡು ವಾರದ ನಂತರ ಕಳಸದ ರಸ್ತೆಯ ದೊಡ್ಡ ಎಸ್ಟೇಟೊಂದರ ಮಾಲೀಕರು ಫೋನ್ ಮಾಡಿದರು. “ಏನಮ್ಮ, ನಾನು ಹಾಕಿದ ವಿಡಿಯೋ ಬರೀ ಕಪ್ಪು ಬರ್ತಿದೆಯಂತಲ್ಲ?”

“ಅಯ್ಯೋ, ಕ್ಷಮಿಸಿ ಸಾರ್. ನಮ್ಮ ಕಡೆ ಏನೋ ತೊಂದರೆ ಆಗಿರಬೇಕು. ಈಗ್ಲೇ ನೋಡ್ತೀನಿ.”

ಫೋನ್ ಕೆಳಗಿಟ್ಟ ಮೇಲೆ ನಾನಾಡಿದ ಮಾತು ನನಗೇ ಕೇಳಿಸಿತು. ಬೆರಳು ಎಂಬ ಪದ ನಾಲಿಗೆಯ ತುದಿಗಿರಲಿ, ಮನಸ್ಸಿಗೂ ಬಂದಿರಲಿಲ್ಲ. ಅದೇ ಕಪ್ಪು ಪರದೆ, ಅದೇ ಸ್ಪಷ್ಟ ಸದ್ದು. ನೂರಾರು ಎಕರೆಯವರ ವಿಡಿಯೋ ಕಪ್ಪಾದರೆ ತಪ್ಪು ನನ್ನ ಕಡೆ. ಎರಡೂವರೆ ಎಕರೆಯವರದಾದರೆ ಅವರ ಹೆಬ್ಬೆರಳಿನ ಕಡೆ. ಇದನ್ನು ಯಾರಾದರೂ ನನ್ನೆದುರು ವಾದವಾಗಿ ಮಂಡಿಸಿದ್ದರೆ ಒಂದೇ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ತಪ್ಪು ಸಿಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ವಿಡಿಯೋದ ಕಡತ ಒಂದು ಡಬ್ಬಿ ಇದ್ದ ಹಾಗೆ. ಹೊರಗಿನ ಡಬ್ಬಿ ಒಂದೇ ಥರ ಕಂಡರೂ ಒಳಗೆ ಚಿತ್ರವನ್ನು ಒತ್ತಿ ತುಂಬಿಡುವ ರೀತಿ ಬೇರೆ ಬೇರೆ. ಹೊಸ ಫೋನುಗಳು ಜಾಗ ಉಳಿಸಲು ಹೊಸ ರೀತಿಯಲ್ಲಿ ಒತ್ತುತ್ತವೆ. ಸಲಹೆಗಾರರ ಹಳೆಯ ಕಂಪ್ಯೂಟರಿಗೂ ನಮ್ಮ ಕಚೇರಿಯದಕ್ಕೂ ಅದನ್ನು ಬಿಚ್ಚಲು ಬಾರದು. ಸದ್ದು ಮಾತ್ರ ಬಿಚ್ಚಿ ಚಿತ್ರದ ಜಾಗದಲ್ಲಿ ಕಪ್ಪು ತೋರಿಸುತ್ತವೆ. ಬಂದ ವಿಡಿಯೋವನ್ನು ಎಲ್ಲ ಕಂಪ್ಯೂಟರುಗಳೂ ತೋರಿಸಬಲ್ಲ ರೀತಿಗೆ ಪರಿವರ್ತಿಸುವುದೇ ನನ್ನ ಪ್ರೋಗ್ರಾಮಿನ ಕೆಲಸ. ನಾನು ಬರೆದದ್ದೇನು? ಕಡತದ ಹೆಸರಿನ ಕೊನೆಯ ಮೂರು ಅಕ್ಷರ ಸರಿಯಿದ್ದರೆ ಪರಿವರ್ತನೆ ಬೇಡ, ಹಾಗೇ ಮುಂದಕ್ಕೆ ಕಳಿಸು. ಚೀಲದ ಮೇಲೆ ತೊಳೆದೊಣಗಿಸಿದ ಪಾರ್ಚ್‌ಮೆಂಟ್ ಕಾಫಿ ಎಂದು ಬರೆದಿದೆಯೆಂದು ಬಾಯಿ ಬಿಚ್ಚಿ ನೋಡದೆ ಲಾರಿಗೆ ಏರಿಸುವ ರೈಟರನ್ನು, ಅಂದರೆ ಲೆಕ್ಕದ ಗುಮಾಸ್ತರನ್ನು, ಯಾವ ಎಸ್ಟೇಟಿನವರೂ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಉಳಿದವರದು ಹೇಗೆ ಕಂಡಿತು? ಕೇಳಿದಾಗ ಗೊತ್ತಾಯಿತು. ಎಸ್ಟೇಟುಗಳಲ್ಲಿ ತೋಟದೊಳಗೆ ವಿಡಿಯೋ ತೆಗೆಯುವವರು ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿ. ಅವರು ಅದನ್ನು ಗ್ರೂಪಿಗೆ ಹಾಕುತ್ತಾರೆ. ಆಫೀಸಿನಲ್ಲಿ ಕುಳಿತ ರೈಟರ್ ಅಲ್ಲಿಂದ ಇಳಿಸಿಕೊಂಡು ಸೈಟಿಗೆ ಏರಿಸುತ್ತಾರೆ. ಸಣ್ಣ ಬೆಳೆಗಾರರೂ ಮೊದಲು ಗ್ರೂಪಿಗೆ ಹಾಕಿ ನಾಲ್ಕು ಜನರ ಅಭಿಪ್ರಾಯ ಕೇಳಿ ಆಮೇಲೆ ನಮ್ಮಲ್ಲಿಗೆ ಬರುತ್ತಾರೆ. ಗ್ರೂಪಿಗೆ ಹೋದಾಗಲೇ ವಿಡಿಯೋ ಹಳೆಯ ರೀತಿಗೆ ಬದಲಾಗಿಬಿಡುತ್ತದೆ. ಮೂಲ ವಿಡಿಯೋ ಕಳಿಸಿ ಎಂಬ ನನ್ನ ಸೂಚನೆಯನ್ನು ಬೇರೆ ಯಾರೂ ಪಾಲಿಸಿರಲಿಲ್ಲ, ಆದ್ದರಿಂದ ಎಲ್ಲರದೂ ಕಂಡಿತು. ದೊಡ್ಡ ಎಸ್ಟೇಟಿನವರು ಅಂದು ರೈಟರ್ ರಜೆಯಲ್ಲಿದ್ದರೆಂದು ತಾವೇ ನೇರವಾಗಿ ಹಾಕಿದ್ದರು. ನಾನು ಬರೆದದ್ದನ್ನು ನಂಬಿ ಅಕ್ಷರಶಃ ನಡೆದುಕೊಂಡವರು ಅಕ್ಕ ಒಬ್ಬರೇ.

ಪ್ರೋಗ್ರಾಮ್ ತಿದ್ದಿ, ಅಕ್ಕನ ಮೂರೂ ವಿಡಿಯೋಗಳನ್ನು ಪರಿವರ್ತಿಸಿ ನೋಡಿದೆ. ಒಳ್ಳೆ ಬೆಳಕು. ಉಜ್ಜಿ ಒರೆಸಿದ ಕಾಂಡ. ಕ್ಯಾಮೆರಾ ಬುಡದಿಂದ ಮೇಲಕ್ಕೆ ನಿಧಾನವಾಗಿ ಏರುತ್ತದೆ, ಒಂದು ಗೇಣಿನ ಎತ್ತರದಲ್ಲಿ ನಿಲ್ಲುತ್ತದೆ, ಒಂದು ತೋರುಬೆರಳು ಬಂದು ಉಬ್ಬಿನ ಮೇಲೆ ಕೂರುತ್ತದೆ. ಬೆರಳು ಇರಬೇಕಾದ ಜಾಗದಲ್ಲೇ ಇತ್ತು.

ಸಲಹೆಗಾರರು ನೋಡಿ ಫೋನ್ ಮಾಡಿದರು. “ಮೊದಲನೇದೊಂದೇ ಸಾಕಿತ್ತಲ್ಲ ಮಾರಾಯ್ತಿ. ಇಷ್ಟು ಚೆನ್ನಾಗಿ ಯಾರೂ ತೆಗೆದಿಲ್ಲ. ಅವತ್ತೇ ಕೀಳಬೇಕಿತ್ತು. ಈಗ ಹಾರೋ ಕಾಲ ಶುರುವಾಗಿದೆ.”

ಮಾರನೇ ದಿನ ಬೆಳಿಗ್ಗೆ ಜಾವಳಿಗೆ ಹೋದೆ. ಅಕ್ಕ ಹಿತ್ತಲಿನಲ್ಲಿ ಕತ್ತಿ ಮಸೆಯುತ್ತಿದ್ದರು. ಸಲಹೆಗಾರರ ಉತ್ತರ ಅವರಿಗೆ ಆಗಲೇ ತಲುಪಿತ್ತು. ನಾನು ಹೇಳಿದೆ, ತಪ್ಪು ನಿಮ್ಮದಲ್ಲ, ನನ್ನ ಪ್ರೋಗ್ರಾಮಿನದು. ಅವರು ಕತ್ತಿ ಕೆಳಗಿಟ್ಟು ತೋಟಕ್ಕೆ ಕರೆದುಕೊಂಡು ಹೋದರು. ಕಾಯಿ ತುಂಬಿ ಬಾಗಿದ ಗಿಡವೊಂದರ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಾಂಡ ತೋರಿಸಿದರು. ಪೆನ್ಸಿಲ್ ತೂರುವಷ್ಟು ದೊಡ್ಡ, ಗುಂಡನೆಯ ತೂತು.

“ಹಾರಿ ಆಯ್ತು ಇದು” ಎಂದರು. “ಹಬ್ಬದ ಹೊತ್ತಿಗೆ ಮೇಸ್ತ್ರಿ ಗುರುತು ಹಾಕಿದ್ದು ಮೂವತ್ತು ಗಿಡಕ್ಕೆ. ಈಗ ಅರವತ್ತರ ಮೇಲೆ ಉಂಟು. ಪಕ್ಕದವ್ರು ದಾರೀಲಿ ಸಿಕ್ಕಿದ್ರೆ ಮಾತಾಡಲ್ಲ. ಆಸೆಬುರುಕಿ ಅಂತ ಊರಿಗೆಲ್ಲ ಹೇಳಿದ್ದಾರೆ.”

“ತಪ್ಪಾಯ್ತು ಅಕ್ಕ.”

ಅವರು ಎದ್ದು ಸೀರೆಯ ಮಣ್ಣು ಕೊಡವಿಕೊಂಡರು. “ಅಷ್ಟು ಜನರ ಎದುರು ಹೇಳಿದ್ದನ್ನ ಇಲ್ಲಿ ಗಿಡದ ಬುಡದಲ್ಲಿ ವಾಪಸ್ ತಗೊಂಡ್ರೆ ಆಯ್ತಾ ಮೇಡಂ?”



ನವೆಂಬರಿನ ಸಭೆಗೆ ತಯಾರಿ ಮಾಡಿಕೊಂಡು ಹೋದೆ. ಡಬ್ಬಿ, ಒಳಗಿನ ರೀತಿ, ಹೊಸ ಫೋನು, ಹಳೆಯ ಕಂಪ್ಯೂಟರು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ವಿವರಿಸುತ್ತಿರುವಾಗಲೇ ತಿಳಿಯುತ್ತಿತ್ತು, ಇದು ಒಪ್ಪಿಗೆಯಲ್ಲ, ಸಮರ್ಥನೆ. ತಪ್ಪು ಎಂಬ ಪದ ಎಲ್ಲೋ ನಡುವೆ ಬಂದು ಯಾರ ಹೆಗಲಿಗೂ ಕೂರದೆ ಹೋಯಿತು. ಅಧ್ಯಕ್ಷರು, “ಹೋಗ್ಲಿ ಬಿಡಿ, ಕಂಪ್ಯೂಟರ್ ಅಲ್ವಾ, ಒಂದೊಂದ್ಸಲ ಹಾಗಾಗ್ತದೆ” ಎಂದರು.

ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ. ಅಷ್ಟು ಹಗುರಾಯಿತು ನನಗೆ.

ಪಕ್ಕದ ತೋಟದವರು ಎದ್ದರು. “ಒಂದ್ನಿಮಿಷ. ಅಂದ್ರೆ ಎಂತ? ಇವ್ರ ಬೆರಳು ಅಡ್ಡ ಇರ್ಲಿಲ್ವಾ?”

“ಇರ್ಲಿಲ್ಲ.”

“ಮೊದಲನೇದು ಕಳ್ಸಿದ್ದು ಯಾವತ್ತು?”

“ಗಣೇಶನ ಹಬ್ಬದ ಮಾರನೇ ದಿನ.”

“ಅದ್ರಲ್ಲಿ ಬೋರರ್ ಕಾಣ್ತಿತ್ತಾ?”

“ಕಾಣ್ತಿತ್ತು.”

“ಮತ್ತೆ ಕೀಳಬೇಡಿ ಅಂದಿದ್ದು ಯಾರು? ಕಂಪ್ಯೂಟರಾ?”

“ಅಲ್ಲ. ನಾನು. ತಪ್ಪು ನಂದು. ಅವ್ರು ಫೋನ್ ಕೊಟ್ರೂ ನಾನು ನೋಡ್ಲಿಲ್ಲ.”

ಇಷ್ಟು ಚಿಕ್ಕ ಉತ್ತರಗಳನ್ನು ನಾನು ಜೀವನದಲ್ಲಿ ಕೊಟ್ಟಿರಲಿಲ್ಲ. ಅವರು ನನ್ನನ್ನು ಮತ್ತೇನೂ ಕೇಳಲಿಲ್ಲ. ಅಕ್ಕನ ಕಡೆ ತಿರುಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ನಾನು ಏನೇನೋ ಮಾತಾಡಿಬಿಟ್ಟೆ. ಗಿಡ ಕೀಳೋಕೆ ಸೋಮವಾರ ಇಬ್ರು ಆಳು ಕಳಿಸ್ತೀನಿ.”

“ನಂದೆಲ್ಲ ಕಿತ್ತು ಸುಟ್ಟಾಯ್ತು” ಎಂದರು ಅಕ್ಕ. “ನಿಮ್ಮ ಬೇಲಿ ಕಡೆ ಸಾಲಲ್ಲಿ ಮೊಟ್ಟೆ ಇಟ್ಟಿರ್ತಾವೆ. ಕಾಂಡ ಉಜ್ಜಿಸ್ಬೇಕು. ಸೋಮವಾರ ನಾನೇ ಬರ್ತೀನಿ, ನಾರು ಉಂಟು ನನ್ ಹತ್ರ.”

ಸಭೆ ಮುಗಿದು ಅವರಿಬ್ಬರೂ ಯಾವ ಸಾಲಿನಿಂದ ಶುರು ಮಾಡುವುದೆಂದು ಮಾತಾಡುತ್ತಾ ಮೆಟ್ಟಿಲಿಳಿದು ಹೆದ್ದಾರಿಯ ಕಡೆ ಹೋದರು. ನಾನು ಗೋಡೆಯ ಹತ್ತಿರ ವೈರು ಸುತ್ತುತ್ತಿದ್ದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಒಮ್ಮೆ ನೋಡಲಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಲಿ ಎಂದು ನಾನು ಕಾಯುತ್ತಿದ್ದೆ. ಆಗಲೂ ಯಾರಾದರೂ ತೀರ್ಪು ಕೊಡಲಿ ಎಂದೇ ಕಾಯುತ್ತಿದ್ದೇನೆ ಎಂದು ಹೊಳೆದಾಗ, ಅಷ್ಟು ದಿನದ ನಾಚಿಕೆಗಿಂತ ದೊಡ್ಡ ನಾಚಿಕೆಯಾಯಿತು.